ಗಂಗಾಧರನ ಪರವಾಗಿ

“ಸೂಪರ್‌ಹೀರೋ ಎಲ್ಲ ಹೊರಗಿನ ಸರಕು. ನಮಗೆ ಹನುಮಂತ ಇದ್ದಾನಲ್ಲ, ಇನ್ನೇನು ಬೇಕು?” ಜಯನಗರದ ಮದುವೆ ಊಟದ ಪಂಕ್ತಿಯಿಂದ ಹಿಡಿದು ಯೂಟ್ಯೂಬಿನ ಸಿನಿಮಾ ಚರ್ಚೆಗಳವರೆಗೆ ಈ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. 2025ರ ಜುಲೈನಲ್ಲಿ ‘ಮಹಾವತಾರ ನರಸಿಂಹ’ ಬಂದು ಭರ್ಜರಿಯಾಗಿ ಓಡಿದ ಮೇಲಂತೂ ಅದಕ್ಕೆ ಕೊನೆಯ ತೀರ್ಪಿನ ಗತ್ತು ಬಂದಿದೆ. ಚಿತ್ರವನ್ನು ಅರ್ಪಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಪರಶುರಾಮನಿಂದ ಕಲ್ಕಿಯವರೆಗೆ, 2037ರ ತನಕ, ಸಾಲಾಗಿ ಅವತಾರದ ಚಿತ್ರಗಳು ಬರಲಿವೆ ಎಂಬ ಪಟ್ಟಿಯೂ ಹೊರಬಿದ್ದಿದೆ. ಬರಲಿ, ನಾನೂ ಟಿಕೆಟ್ ತೆಗೆದುಕೊಂಡು ನೋಡುತ್ತೇನೆ. ಆದರೆ ಅವತಾರಗಳನ್ನು ಸೂಪರ್‌ಹೀರೋ ಎಂದು ಕರೆದು, ಸೂಪರ್‌ಹೀರೋನ ಬಾಗಿಲು ಮುಚ್ಚಿದರೆ ಒಪ್ಪಲಾರೆ.

ರಾಗಿಗುಡ್ಡದ ಮೆಟ್ಟಿಲು ಹತ್ತಿ ಆಂಜನೇಯನಿಗೆ ಕೈಮುಗಿದು ಬರುವವನು ನಾನು. ಅಲ್ಲಿ ನಡೆಯುವುದು ಭಕ್ತಿ. ದೇವರು ಎಲ್ಲರಿಗೂ ಕಾಣುವಂತೆ ಗುಡ್ಡದ ಮೇಲಿರುತ್ತಾನೆ, ನಾವು ಅವನಿದ್ದಲ್ಲಿಗೆ ಹೋಗುತ್ತೇವೆ. ಸೂಪರ್‌ಹೀರೋ ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗಿರುತ್ತಾನೆ. ಬೆಳಗ್ಗೆ ಬಸ್ಸಿಗೆ ಓಡುತ್ತಾನೆ, ಆಫೀಸಿನಲ್ಲಿ ಬೈಸಿಕೊಳ್ಳುತ್ತಾನೆ, ತನ್ನ ಶಕ್ತಿ ಯಾರಿಗೂ ಗೊತ್ತಾಗದ ಹಾಗೆ ಬಾಳುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆಯುತ್ತದೆ. 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಲೋಕದ ಮುಂದಿಟ್ಟ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ವಲಸೆ ಬಂದ ಯಹೂದಿ ಮನೆಗಳ ಹುಡುಗರು. ಅವರ ವೀರ ಕನ್ನಡಕ ಹಾಕಿಕೊಂಡು ಪತ್ರಿಕಾ ಕಚೇರಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ. ನನ್ನೊಳಗೆ ಏನಿದೆ ಅಂತ ಈ ಊರಿಗೆ ಗೊತ್ತಿಲ್ಲ ಎಂದುಕೊಳ್ಳುವವರಿಗಾಗಿ ಹುಟ್ಟಿದ ಕಥೆ ಅದು. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಅಂಥವರು ಮಹಡಿ ಮಹಡಿಯಲ್ಲೂ ಇದ್ದಾರೆ.

ಭಾರತದಲ್ಲಿ ಈ ಮರ್ಮ ಹಿಡಿದದ್ದು ‘ಶಕ್ತಿಮಾನ್’. 1997ರ ಸೆಪ್ಟೆಂಬರ್‌ನಿಂದ 2005ರ ಮಾರ್ಚ್‌ವರೆಗೆ ದೂರದರ್ಶನದಲ್ಲಿ ಬಂದ ಈ ಧಾರಾವಾಹಿಯ ಹೆಸರೆತ್ತಿದರೆ ರುಚಿವಂತರು ನಗುತ್ತಾರೆ. ಅಗ್ಗದ ಗ್ರಾಫಿಕ್ಸ್, ಬುಗುರಿಯ ಹಾಗೆ ಸುತ್ತುವ ನಾಯಕ, ಕೊನೆಯಲ್ಲಿ ಮಕ್ಕಳಿಗೆ ನೀತಿಪಾಠ. ನನಗೆ ಅದು ಯಾವುದೂ ಲೆಕ್ಕಕ್ಕಿಲ್ಲ. ಅದರಲ್ಲಿ ಪಂಡಿತ್ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ ಇದ್ದ. ‘ಆಜ್ ಕೀ ಆವಾಜ್’ ಪತ್ರಿಕೆಯ ಫೋಟೋಗ್ರಾಫರ್. ಮುಂದೆ ಬಂದ ಹಲ್ಲು, ದಪ್ಪ ಚೌಕಟ್ಟಿನ ಕನ್ನಡಕ, ಒತ್ತಿ ಬಾಚಿದ ತಲೆ. ಪಕ್ಕದಲ್ಲಿ ನಿಂತ ವರದಿಗಾರ್ತಿ ಗೀತಾ ವಿಶ್ವಾಸ್ ಶಕ್ತಿಮಾನ್‌ನ ಗುಣಗಾನ ಮಾಡುವಾಗ, ಅದು ತನ್ನದೇ ಗುಣಗಾನ ಎಂದು ಬಲ್ಲ ಗಂಗಾಧರ ಪೆದ್ದನಂತೆ ಹಲ್ಲು ಕಿರಿದು ನಿಲ್ಲಬೇಕು. ಆ ನಗುವಿನಲ್ಲಿ ಸಂತೋಷವೂ ಇರುತ್ತಿತ್ತು, ಹೇಳಿಕೊಳ್ಳಲಾಗದ ಸಂಕಟವೂ ಇರುತ್ತಿತ್ತು. ಆಮೇಲೆ ನಾನು ನೋಡಿದ ನೂರಾರು ಕೋಟಿ ಬಂಡವಾಳದ ಚಿತ್ರಗಳಲ್ಲಿ ಅಂಥ ಒಂದು ಗಳಿಗೆ ಸಿಗುವುದು ಅಪರೂಪ.

ಶಕ್ತಿಮಾನ್‌ಗೆ ಬಲ ಬಂದದ್ದು ಕುಂಡಲಿನಿಯಿಂದ, ಹಾಗಾಗಿ ಅವನೂ ನಮ್ಮ ಪುರಾಣದ ಕೂಸೇ ಎಂದು ಹನುಮಂತ ಪಕ್ಷದವರು ವಾದಿಸುತ್ತಾರೆ. ಬಲ ಎಲ್ಲಿಂದಲಾದರೂ ಬರಲಿ, ಜೇಡ ಕಚ್ಚಲಿ, ಸಿಡಿಲು ಬಡಿಯಲಿ. ಆ ಬಲ ಇಟ್ಟುಕೊಂಡು ಅವನು ನಾಳೆ ಕೆಲಸಕ್ಕೆ ಹೇಗೆ ಹೋಗುತ್ತಾನೆ ಎನ್ನುವುದೇ ಕಥೆ. ಶಕ್ತಿಮಾನ್ ಆಗಿ ನಟಿಸಿದ ಮುಖೇಶ್ ಖನ್ನಾ ಅದಕ್ಕೆ ಮೊದಲೇ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಭೀಷ್ಮರಾಗಿದ್ದರು. ದೇಶವಿಡೀ ಟಿವಿ ಮುಂದೆ ಕೂತು ನೋಡಿದ ಗಾಂಭೀರ್ಯ ಅವರದು. ಪುರಾಣದ ಎತ್ತರವೇ ಸಾಕಾಗಿದ್ದರೆ ಅವರು ಅದನ್ನೇ ಇನ್ನಷ್ಟು ವರ್ಷ ಮಾರಬಹುದಿತ್ತು. ಹಾಗೆ ಮಾಡದೆ ತಮ್ಮದೇ ನಿರ್ಮಾಣದಲ್ಲಿ ಬೆನ್ನು ಬಗ್ಗಿಸಿ, ಹಲ್ಲು ಕಟ್ಟಿಸಿಕೊಂಡು ಗಂಗಾಧರನಾದರು. ಅವರು ಈಗ ಆಡುವ ಮಾತುಗಳಲ್ಲಿ ಹೆಚ್ಚಿನವನ್ನು ನಾನು ಒಪ್ಪುವುದಿಲ್ಲ, ಆದರೆ ಈ ಒಂದು ಕೆಲಸಕ್ಕೆ ಅವರಿಗೆ ಋಣಿ.

ಇವತ್ತು ಯೂಟ್ಯೂಬಿನಲ್ಲಿ, ರೀಲ್ಸ್‌ನಲ್ಲಿ ಓಡಾಡುವ ತುಣುಕುಗಳಲ್ಲಿ ಈ ಗಂಗಾಧರನೇ ಕಾಣೆ. ಉಳಿದಿರುವುದು ಗಿರಕಿ, ಖಳನಾಯಕ ಕಿಲ್ವಿಷ್, ಹೊಡೆದಾಟ. ಅರ್ಧ ನಿಮಿಷದ ಮಿತಿಯಲ್ಲಿ ಗುಟ್ಟು ಮುಚ್ಚಿಟ್ಟುಕೊಂಡವನ ಸಂಕಟಕ್ಕೆ ಜಾಗವಿಲ್ಲ. ಹೊಸ ಹುಡುಗರು ನೋಡುವುದು ಇಷ್ಟನ್ನೇ, ಹಾಗಾಗಿ ಹನುಮಂತನಿಗೂ ಶಕ್ತಿಮಾನ್‌ಗೂ ಏನು ವ್ಯತ್ಯಾಸ ಎಂದು ಅವರು ಕೇಳಿದರೆ ಆಶ್ಚರ್ಯವಿಲ್ಲ.

ನಮ್ಮ ಚಿತ್ರಕಥೆಗಳ ಚರಿತ್ರೆಯಲ್ಲೂ ಇಂಥದೇ ಒಂದು ತಿರುವು ಇದೆ. ‘ಅಮರ ಚಿತ್ರ ಕಥೆ’ಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ, ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ, ಕನ್ನಡದಲ್ಲಿ ಬಂದವು. ಸಿಂಡರೆಲ್ಲಾಳಂಥ ಹೊರಗಿನ ಕಥೆಗಳು ಅವು. ಆಮೇಲೆ ಅನಂತ ಪೈ ಅವರ ‘ಕೃಷ್ಣ’ 11ನೇ ಸಂಖ್ಯೆಯಾಗಿ ಬಂತು, ಸರಣಿಗೆ ಸರಣಿಯೇ ಪುರಾಣ, ಚರಿತ್ರೆಗಳ ಕಡೆ ಹೊರಳಿತು. ಆ ಪುಸ್ತಕಗಳನ್ನು ಓದಿಯೇ ನಾವು ಬೆಳೆದೆವು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಚಿತ್ರಕಥೆ ಎಂದರೆ ಸತ್ತ ರಾಜರು ಮತ್ತು ದೇವರು ಎಂಬ ಅಭ್ಯಾಸ ಅಂಟಿಕೊಂಡಿತು. ಬನಶಂಕರಿಯ ಮನೆಯೊಂದರಲ್ಲಿ ಕೂತ ಮಗು ಆ ಪುಟಗಳಲ್ಲಿ ತನ್ನ ಬೀದಿಯನ್ನು ಕಾಣಲಿಲ್ಲ.

ಟಿವಿಯ ಸಾಹಸಗಳಲ್ಲಿ ಆ ಮಗು ತನ್ನ ಭಾಷೆಯನ್ನೂ ಕೇಳಲಿಲ್ಲ. ‘ಶಕ್ತಿಮಾನ್’ ನಮಗೆ ಬಂದದ್ದು ಹಿಂದಿಯಲ್ಲಿ. ಗಂಗಾಧರನ ಸಂಸ್ಕೃತ ತುಂಬಿದ ಹಿಂದಿ ಉತ್ತರದವರಿಗೆ ನಗೆಪಾಟಲು. ಕನ್ನಡದ ಮಕ್ಕಳಿಗೆ ಸಿನಿಮಾ ಹಿಂದಿಗಿಂತ ಅದೇ ಹೆಚ್ಚು ಅರ್ಥವಾಗುತ್ತಿತ್ತು. ಆ ನಂಟು ನಾವಾಗಿ ಹೆಣೆದುಕೊಂಡದ್ದು, ಯಾರೂ ಒದಗಿಸಿದ್ದಲ್ಲ; ಕನ್ನಡಕ್ಕೆ ಡಬ್ಬಿಂಗ್ ಮಾಡಲು ತಡೆಯಿತ್ತು. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಅಂಥವರು ಕನ್ನಡಕ್ಕಾಗಿ ಬೀದಿಗಿಳಿದಾಗ ಬೆಂಗಳೂರಿನಲ್ಲಿ ಕನ್ನಡ ಚಿತ್ರಕ್ಕೇ ಜಾಗವಿರಲಿಲ್ಲ; ಅಂದು ಡಬ್ಬಿಂಗ್ ಬೇಡ ಎಂದದ್ದಕ್ಕೆ ಕಾರಣವಿತ್ತು. ಕಾರಣ ಹೋದ ಮೇಲೂ ತಡೆ ಉಳಿಯಿತು. ಚಿಂಟು ಟಿವಿ 2009ರಲ್ಲಿ ಕಾರ್ಟೂನುಗಳಿಗೆ ಕನ್ನಡ ಕಲಿಸಿದಾಗ ಯಾವ ಸಂಸ್ಕೃತಿಯೂ ಮುಳುಗಲಿಲ್ಲ. ಡಬ್ಬಿಂಗ್‌ಗೆ ಅಡ್ಡಿಪಡಿಸುವಂತಿಲ್ಲ ಎಂದು ಸ್ಪರ್ಧಾ ಆಯೋಗ ಆದೇಶ ಕೊಟ್ಟದ್ದು 2015ರಲ್ಲಿ. 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಒಂದಾಗಿತ್ತು. ಅಷ್ಟರಲ್ಲಿ ಎರಡು ತಲೆಮಾರಿನ ಮಕ್ಕಳಿಗೆ, ಸಾಹಸ ಎಂದರೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನಡೆಯುವ ಸಂಗತಿ ಎಂದು ಮನಸ್ಸಿನಲ್ಲಿ ಕೂತಾಗಿತ್ತು.

ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರನ್ನು ನಮ್ಮ ವಿಮರ್ಶೆ ನಡೆಸಿಕೊಂಡ ರೀತಿಯಲ್ಲೂ ಸಾಹಸದ ಕಥೆಯೆಂದರೆ ನಮಗಿರುವ ತಾತ್ಸಾರವೇ ಕಾಣುತ್ತದೆ. ಓದುಗರನ್ನು ಹುಟ್ಟಿಸಿದ್ದು ಅವರು, ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಸಿಕ್ಕಿದ್ದು ಮೂಲೆ. ಯಕ್ಷಗಾನದ ವೀರವೇಷಕ್ಕೆ ಮೈಮರೆಯುವ ಅದೇ ಜನ, ಮುಖವಾಡ ತೊಟ್ಟ ಟೈಲರ್‌ನನ್ನು ಕಂಡರೆ ಮಕ್ಕಳಾಟ ಎನ್ನುತ್ತಾರೆ. ಮಲಯಾಳಿಗಳಿಗೆ ಆ ಮುಜುಗರ ಇಲ್ಲ. ಬೇಸಿಲ್ ಜೋಸೆಫ್ 2021ರಲ್ಲಿ ಹಳ್ಳಿಯ ಟೈಲರ್‌ನೊಬ್ಬನಿಗೆ ಸಿಡಿಲು ಬಡಿಸಿ ‘ಮಿನ್ನಲ್ ಮುರಳಿ’ ಮಾಡಿದರು. ಅದರಲ್ಲಿ ಅದೇ ಸಿಡಿಲು ಬಡಿದ ಖಳ ಶಿಬು ನಾಯಕನಿಗಿಂತ ಹೆಚ್ಚು ಅಳಿಸುತ್ತಾನೆ.

ಇನ್ನೂ ನೋಯಿಸಿದ್ದು ‘ಲೋಕಾ’. 2025ರ ಆಗಸ್ಟ್ 28ರಂದು ಬಂದ ಡೊಮಿನಿಕ್ ಅರುಣ್ ಅವರ ಈ ಚಿತ್ರದ ನಾಯಕಿ ಚಂದ್ರ, ಕೇರಳದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿ. ಅವಳು ವಾಸಕ್ಕೆ ಬರುವುದು ಬೆಂಗಳೂರಿಗೆ. ರಾತ್ರಿ ಕೆಲಸ, ಪರದೆ ಎಳೆದ ಕಿಟಕಿ, ಎದುರು ಮನೆಯಿಂದ ಇಣುಕುವ ಹುಡುಗರು. ನಮ್ಮ ಲೇಔಟುಗಳ ಬದುಕನ್ನು ಇಷ್ಟು ಹತ್ತಿರದಿಂದ ಕಂಡ ಸೂಪರ್‌ಹೀರೋ ಚಿತ್ರ ಇನ್ನೊಂದಿಲ್ಲ. ಅದರಲ್ಲಿ ದುಷ್ಟ ಇನ್ಸ್‌ಪೆಕ್ಟರ್‌ನ ಹೆಸರಿಗೆ ಮಾತ್ರ ‘ಗೌಡ’ ಅಂಟಿತು, ನಗರದ ಹೆಣ್ಣುಮಕ್ಕಳ ಬಗ್ಗೆ ಅವನು ಆಡುವ ಮಾತಿಗೆ ಜನ ಸಿಟ್ಟಾದರು, ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ ಆ ಮಾತನ್ನು ತೆಗೆಯುವುದಾಗಿ ಹೇಳಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಸಂಭಾಷಣೆ ತೆಗೆಸಿ ಮನೆಗೆ ಹೋದವರು ಯಾರೂ, ಇದೇ ಊರಿನಲ್ಲಿ ಕನ್ನಡದ ನೀಲಿ ಯಾಕೆ ಹುಟ್ಟಲಿಲ್ಲ ಎಂದು ಕೇಳಲಿಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ ಡಬಲ್ ಡೆಕರ್ ಮೇಲ್ಸೇತುವೆ ಎದ್ದಿದೆ, ಕೆಳಗೆ ವಾಹನ, ಮೇಲೆ ಮೆಟ್ರೋ. ರಾಯಚೂರಿನಿಂದ ಬಂದು ಅಂಥ ಕಾಮಗಾರಿಯಲ್ಲಿ ಕಾಂಕ್ರೀಟು ಹೊತ್ತವನು ಆಮೇಲೆ ಜೆಪಿ ನಗರದ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿ ಆಗುತ್ತಾನೆ. ದಿನವೂ ಗೇಟು ತೆಗೆಸಿಕೊಳ್ಳುವವರಿಗೆ ಅವನ ಹೆಸರು ಗೊತ್ತಿರುವುದಿಲ್ಲ. ಅವನಿಗೆ ಹಾರಲು ಬಂದರೆ ಮೊದಲು ಎಲ್ಲಿಗೆ ಹೋದಾನು, ಊರಿಗೋ, ಮೇಸ್ತ್ರಿಯ ಮನೆಗೋ? ನಾನು ಟಿಕೆಟ್ ತೆಗೆದುಕೊಂಡು ಕಾಯುತ್ತಿರುವುದು ಆ ಚಿತ್ರಕ್ಕೆ.