ಬೀದಿಯನ್ನು ಉಳಿಸಿಕೊಂಡ ಕಾಗದ

ಕನ್ನಡ ನಾಡಿನ ಹಳೆಯ ಬೀದಿ, ಅಂಗಳಗಳ ಛಾಯಾಚಿತ್ರಗಳಲ್ಲಿ ಮೊದಲು ನೆನೆಯಬೇಕಾದವು ಹಂಪಿಯವು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿ ಮೇಣ ತೀಡಿದ ದೊಡ್ಡ ಕಾಗದದ ನೆಗೆಟಿವ್‌ಗಳನ್ನು ತೆಗೆದ. ಬೆಳ್ಳಿಯ ಲವಣ ಹೀರಿದ ಆ ಕಾಗದದ ಮೇಲೆ ಚಿತ್ರ ನಿಧಾನವಾಗಿ ಮೂಡುತ್ತದೆ. ಅಷ್ಟರಲ್ಲಿ ನಡೆದುಹೋದವರ ಗುರುತೂ ಉಳಿಯುವುದಿಲ್ಲ. ಆ ಕಾಲದ ಬೀದಿಗಳು ಚಿತ್ರದಲ್ಲಿ ಬಿಕೋ ಎನ್ನುವುದು ಅದಕ್ಕೇ. ಆದರೆ ಕಲ್ಲಿನ ಒಂದೊಂದು ಬಿರುಕೂ ಸ್ಪಷ್ಟ.

ಗ್ರೀನ್‌ಲಾ ತೆಗೆದವುಗಳಲ್ಲಿ ಅತ್ಯಮೂಲ್ಯವಾದದ್ದು ವಿಠ್ಠಲ ದೇವಾಲಯದ ಅಂಗಳದ ಚಿತ್ರ. ಇಂದು 50 ರೂಪಾಯಿ ನೋಟಿನ ಮೇಲಿರುವ, ಅಲ್ಲಿನ ಕಲ್ಲಿನ ರಥಕ್ಕೆ ಆಗ ಇಟ್ಟಿಗೆಯ ಶಿಖರವಿತ್ತು. ಈಗಿಲ್ಲ. ಕಾಗದ ಮಾತ್ರ ಅದನ್ನು ಉಳಿಸಿಕೊಂಡಿದೆ.

ಹಂಪಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಬಂದರೆ, ನಂದಿಯ ಭೋಗನಂದೀಶ್ವರ ದೇವಾಲಯದ ಪ್ರಾಕಾರಗಳು ಕಲ್ಲಿನವು, ಬಾಳಿಕೆ ಬರುತ್ತವೆ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಓಣಿ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಪೇಟೆಬೀದಿಗಳಿಗೆ ಆ ಭಾಗ್ಯವಿಲ್ಲ. ಮನೆಯ ಟ್ರಂಕಿನಲ್ಲಿರುವ ಮದುವೆ ಮೆರವಣಿಗೆಯ ಫೋಟೋದ ಹಿನ್ನೆಲೆಯೇ ಅವುಗಳ ದಾಖಲೆ. ಅಂಥ ಫೋಟೋ ಇದ್ದವರು ಹಿರಿಯರನ್ನು ಕೇಳಿ, ಹಿಂಬದಿಯಲ್ಲಿ ಇಸವಿ ಮತ್ತು ಬೀದಿಯ ಹೆಸರನ್ನು ಮೃದು ಪೆನ್ಸಿಲ್‌ನಿಂದ ಇಂದೇ ಬರೆದಿಡಬೇಕು.