ಶಾಲೆಯ ರಂಗ, ಪರಭಾಷೆಯ ಮಾತು

ಡಿಸೆಂಬರ್ ಬಂತೆಂದರೆ ಮುಂಬಯಿಯ ಶಾಲೆಗಳಲ್ಲಿ ಸ್ನೇಹಸಮ್ಮೇಳನಗಳ ಸುಗ್ಗಿ. ಕನ್ನಡಿಗರ ಮನೆಗಳಲ್ಲಿಯೂ ಆಗ ಬೇರೆ ಮಾತಿರುವುದಿಲ್ಲ. ಮಗಳಿಗೆ ಪೋರ್ಷಿಯಾಳ ಪಾತ್ರ ಸಿಕ್ಕಿದೆ, ಮಗನಿಗೆ ಆಂಟನಿಯ ಭಾಷಣ ಬಾಯಿಗೆ ಬಂದಿದೆ ಎಂದು ಊರಿನವರೆಗೂ ಸುದ್ದಿ ಮುಟ್ಟುತ್ತದೆ. ಪರದೆ ಸರಿದೊಡನೆ ಪಾಲಕರು ಮೊಬೈಲು ಎತ್ತಿ ಹಿಡಿಯುತ್ತಾರೆ. ಮಗು ಎಲ್ಲಿಯೂ ತಡವರಿಸದೆ ಹೇಳಿ ಮುಗಿಸಿದರೆ ಸಭೆಯೆಲ್ಲ ಚಪ್ಪಾಳೆ. ಆದರೆ ಅದು ಏನು ಹೇಳಿತು, ಯಾರಿಗೆ ಹೇಳಿತು ಎಂದು ಯಾರೂ ಕೇಳುವುದಿಲ್ಲ. ಶಾಲೆಯ ರಂಗಭೂಮಿಗೂ ಒಂದು ವಿಮರ್ಶೆ ಬೇಕೆನ್ನುವುದಾದರೆ ಅದು ಈ ಪ್ರಶ್ನೆಯಿಂದಲೇ ಆರಂಭವಾಗಬೇಕೆಂದು ನಮಗೆ ತೋರುತ್ತದೆ.

ಮಕ್ಕಳು ಇಂಗ್ಲಿಷಿನಲ್ಲಿ ನಾಟಕವಾಡಬಾರದೆಂಬುದು ನಮ್ಮ ವಾದವಲ್ಲ. ನಾಲ್ಕು ಜನರೆದುರು ಬಾಯಿ ಬಿಡದ ಮಗುವೂ ಬೇರೊಬ್ಬರ ಮಾತಿನ ಮರೆಯಲ್ಲಿ ಧೈರ್ಯ ತಂದುಕೊಳ್ಳುತ್ತದೆ. ಪರಭಾಷೆಯ ನಾಟಕದಿಂದ ಆಗುವ ಈ ಉಪಕಾರ ಸಣ್ಣದಲ್ಲ. ದೋಷವಿರುವುದು ಭಾಷೆಯಲ್ಲಲ್ಲ, ಕಲಿಸುವ ಕ್ರಮದಲ್ಲಿ.

ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ನ್ಯಾಯಸ್ಥಾನದ ದೃಶ್ಯವನ್ನೇ ತೆಗೆದುಕೊಳ್ಳೋಣ. 3000 ಡಕಟ್ ಸಾಲ ತೀರಿಲ್ಲ. ಪತ್ರದಲ್ಲಿ ಬರೆದಂತೆ ಒಂದು ಪೌಂಡ್ ಮಾಂಸ ಬೇಕೆಂದು ಶೈಲಾಕ್ ಹಟ ಹಿಡಿದು ನಿಂತಿದ್ದಾನೆ. ವಕೀಲನ ವೇಷದಲ್ಲಿ ಬಂದ ಪೋರ್ಷಿಯಾ ಅವನು ದಯೆ ತೋರಬೇಕೆನ್ನುತ್ತಾಳೆ. ಯಾವ ಕಟ್ಟಿಗೆ ಬಿದ್ದು ತೋರಬೇಕು ಎಂದು ಅವನು ಮರುಪ್ರಶ್ನೆ ಹಾಕುತ್ತಾನೆ. ಆಗ ಹುಟ್ಟುವುದು ದಯೆಯನ್ನು ಕುರಿತ ಆ ಪ್ರಸಿದ್ಧ ಮಾತು. ಅಂದರೆ ಅದು ಭಾಷಣವಲ್ಲ, ಒಬ್ಬ ಮನುಷ್ಯನಿಗೆ ಕೊಟ್ಟ ಉತ್ತರ. ಶಾಲೆಗಳಲ್ಲಿ ಇದನ್ನು ಕಿತ್ತು ತೆಗೆದು ಕಂಠಪಾಠದ ತುಣುಕು ಮಾಡಿದ್ದಾರೆ. ಹುಡುಗಿ ಶೈಲಾಕನ ಮುಖವನ್ನೇ ನೋಡದೆ, ಸಭೆಯತ್ತ ತಿರುಗಿ, ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾಳೆ. ಪಕ್ಕದಲ್ಲಿ ಶೈಲಾಕ್ ತನ್ನ ಸರದಿಗಾಗಿ ಕಾಯುತ್ತ ನಿಂತಿರುತ್ತಾನೆ.

‘ಜೂಲಿಯಸ್ ಸೀಸರ್’ನ ಆಂಟನಿಯ ಗತಿಯೂ ಅದೇ. ಮೂಲದಲ್ಲಿ ಅವನ ಭಾಷಣದ ನಡುನಡುವೆ ರೋಮಿನ ಜನ ಬಾಯಿ ಹಾಕುತ್ತಾರೆ; ಅವರ ಮನಸ್ಸು ತಿರುಗುವುದನ್ನು ಕಣ್ಣಾರೆ ಕಂಡೇ ಅವನು ಮುಂದಿನ ಮಾತು ಆಡುತ್ತಾನೆ. ಆ ಜನರನ್ನು ತೆಗೆದುಹಾಕಿದರೆ ಆಂಟನಿ ಗಾಳಿಯೊಡನೆ ಮಾತನಾಡಿದಂತಾಗುತ್ತದೆ. ಈ ಪ್ರಾಸವಿಲ್ಲದ ಪದ್ಯದಲ್ಲಿ ವಾಕ್ಯವು ಎಷ್ಟೋ ಕಡೆ ಸಾಲನ್ನು ದಾಟಿ ಹರಿಯುತ್ತದೆ. ಅರ್ಥ ತಿಳಿಯದ ಮಗು ಪ್ರತಿ ಸಾಲಿನ ಕೊನೆಗೂ ತಪ್ಪದೆ ನಿಲ್ಲುತ್ತದೆ. ಉಚ್ಚಾರ ಎಷ್ಟೇ ಶುದ್ಧವಿರಲಿ, ಗುಟ್ಟು ರಟ್ಟಾಗುವುದು ಅಲ್ಲಿಯೇ.

ಪರಭಾಷೆಯ ಕೃತಿಯನ್ನು ನಮ್ಮ ಹಿರಿಯರು ಹೇಗೆ ತಮ್ಮದಾಗಿಸಿಕೊಂಡರೆಂಬುದನ್ನು ಇಲ್ಲಿ ನೆನೆಯಬೇಕು. ಕೆರೂರು ವಾಸುದೇವಾಚಾರ್ಯರು ಇದೇ ವೆನಿಸಿನ ವರ್ತಕನನ್ನು ‘ಸುರತ ನಗರದ ಶ್ರೇಷ್ಠಿ’ಯನ್ನಾಗಿ ಮಾಡಿದರು. ವೆನಿಸಿನಂತೆ ಸೂರತ್ತೂ ಹಡಗಿನ ವ್ಯಾಪಾರದಿಂದ ಬೆಳೆದ ಊರು. ಆಯ್ಕೆ ಎಷ್ಟು ಉಚಿತವಾಗಿದೆ ನೋಡಿ. ಕುವೆಂಪು ಅವರು ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಪಟ್ಟಣವನ್ನು ಬೊಮ್ಮನಹಳ್ಳಿಗೆ ತಂದು ಕಿಂದರಿಜೋಗಿಯನ್ನು ಕನ್ನಡದ ಮಕ್ಕಳಿಗೆ ಕೊಟ್ಟರು. ಮೂಲದ ಅರ್ಥ ಮೈಗೂಡಿದವರಿಗೆ ಮಾತ್ರ ಊರು ಬದಲಿಸುವ ಧೈರ್ಯ ಬರುತ್ತದೆ. ಶಾಲೆಯ ಮಗುವಿನಿಂದ ಅಷ್ಟನ್ನು ಬಯಸಬೇಕಿಲ್ಲ. ಇಂಗ್ಲಿಷ್ ಮಾತನ್ನು ಬಾಯಿಪಾಠ ಮಾಡುವ ಮೊದಲು ಅದೇ ದೃಶ್ಯವನ್ನು ಮನೆಯ ಮಾತಿನಲ್ಲಿ ಒಮ್ಮೆ ಆಡಿ ತೋರಿಸು ಎಂದರೆ ಸಾಕು.

ತೊಡಕು ಇರುವುದು ಇಲ್ಲಿಯೇ. ಮನೆಯ ಮಾತು ಮಗುವಿಗೆ ಬರುತ್ತದೆಯೆ? ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವದ ವೇದಿಕೆಯನ್ನು ನೋಡಿದವರಿಗೆ ಉತ್ತರ ಗೊತ್ತು. ಅಲ್ಲಿ ಹಾಡು ಹೇಳುವ ಎಷ್ಟೋ ಮಕ್ಕಳ ಕೈಯಲ್ಲಿರುವ ಚೀಟಿ ಕನ್ನಡದ್ದಲ್ಲ; ನಾಗರಿಯದು, ಇಲ್ಲವೆ ರೋಮನ್ ಲಿಪಿಯದು. ಹಿಂದಿ, ಮರಾಠಿಗಳ ಬರಹದಲ್ಲಿ ಹ್ರಸ್ವ ಎಕಾರ ಒಕಾರಗಳಿಗೆ ಬೇರೆ ಗುರುತಿಲ್ಲ. ಆದ್ದರಿಂದ ‘ಕೊಡು’ ಎಂದು ಬೇಡಬೇಕಾದಲ್ಲಿ ಮಗು ‘ಕೋಡು’ ಎನ್ನುತ್ತದೆ. ರೋಮನ್ ಚೀಟಿಯಲ್ಲಿ ‘ಹಾಲು’ ಯಾವುದು ‘ಹಾಳು’ ಯಾವುದು ಎಂದು ತಿಳಿಯುವ ಬಗೆಯೇ ಇಲ್ಲ. ಊರಿನಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಗೆ ಮೊಮ್ಮಗಳ ಅಂದ ಕಾಣಿಸುತ್ತದೆ, ಮಾತು ಮಾತ್ರ ಮುಟ್ಟುವುದಿಲ್ಲ. ಪೋರ್ಷಿಯಾಳ ಮಾತು ಪರಭಾಷೆಯದೆಂದು ಶಾಲೆಗಾದರೂ ಗೊತ್ತು. ನಮ್ಮ ವೇದಿಕೆಯ ಮೇಲೆ ಕನ್ನಡವೇ ಪರಭಾಷೆಯಾಗಿ ನಿಂತಿದೆ. ಚಪ್ಪಾಳೆಯ ಸದ್ದಿನಲ್ಲಿ ಅದು ಕೇಳಿಸದೆ ಹೋಗುತ್ತದೆ.

ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ಬಿ. ವಿ. ಕಾರಂತರು ‘ಪಂಜರ ಶಾಲೆ’ಯೆಂಬ ಮಕ್ಕಳ ನಾಟಕವಾಗಿಸಿದರು. ಪುಸ್ತಕದ ಹಾಳೆಗಳನ್ನು ಗಂಟಲಿಗೆ ತುರುಕಿಸಿಕೊಂಡ ಆ ಗಿಳಿಗೆ ಒದಗಿದ ಗತಿ ಓದುಗರಿಗೆ ತಿಳಿದದ್ದೇ. ತುರುಕಿದ ಹಾಳೆ ಯಾವ ಭಾಷೆಯದಾಗಿದ್ದರೂ ಗಿಳಿಗೆ ವ್ಯತ್ಯಾಸವೇನೂ ಇಲ್ಲ.

ಆದುದರಿಂದ ಸಂಘಗಳ ಕಾರ್ಯಕರ್ತರಲ್ಲಿ ನಮ್ಮದೊಂದು ಸೂಚನೆ. ಮುಂದಿನ ನವೆಂಬರಿನಲ್ಲಿ ಹತ್ತು ಸಮೂಹಗೀತೆಗಳ ಬದಲು ಐದೇ ಇರಲಿ. ಉಳಿದ ಹೊತ್ತಿನಲ್ಲಿ ಹದಿನೈದು ನಿಮಿಷದ ಒಂದು ಕಿರುನಾಟಕ ಆಗಲಿ. ಧಾರವಾಡದ ಮನೆಯ ಹುಡುಗ ಅಲ್ಲಿಯ ಮಾತನ್ನೇ ಆಡಲಿ, ಮಂಗಳೂರಿನವರ ಹುಡುಗಿ ತನ್ನ ಮನೆಯ ಕನ್ನಡವನ್ನೇ ಆಡಲಿ. ನಡುವೆ ನಾಲ್ಕು ಮರಾಠಿ ಮಾತು ನುಸುಳಿದರೂ ಬಾಧಕವಿಲ್ಲ. ಬಹುಮಾನ ಕೊಡುವವರು ತಡವರಿಸದ ಮಗುವನ್ನಷ್ಟೇ ನೋಡದೆ, ಎದುರಿನ ಪಾತ್ರದ ಮಾತನ್ನು ಕಿವಿಗೊಟ್ಟು ಕೇಳಿ ಉತ್ತರ ಕೊಟ್ಟ ಮಗುವನ್ನು ಗುರುತಿಸಲಿ. ಹಾಗೆ ಕೇಳಲು ಕಲಿತ ಮಗು ಡಿಸೆಂಬರಿನಲ್ಲಿ ಶಾಲೆಯ ರಂಗವನ್ನೇರಿದಾಗ ಶೈಲಾಕನ ಮುಖವನ್ನೂ ನೋಡೀತು.