ಅಪ್ಪುಗೆ ಅವರದು, ಬೆಲೆ ನಮ್ಮದು

ವಿದೇಶಾಂಗ ನೀತಿ ದೊಡ್ಡವರ ವಿಷಯ, ನಾಗಾವಿಯ ಎರಿ ಹೊಲದಾಗ ನಿಂತವರಿಗೆ ಅದು ಯಾಕೆ ಎಂದು ಕೇಳುವವರಿದ್ದಾರೆ. ಯಾಕಂದ್ರ, ದಿಲ್ಲಿಯವರು ವಾಷಿಂಗ್ಟನ್ನಿನ ಮುಂದೆ ನಿಲ್ಲುವ ಭಂಗಿಯ ಲೆಕ್ಕ ಕಡೀಕ ಚುಕ್ತಾ ಆಗೋದು ಗದಗಿನ ಹತ್ತಿ ಪೇಟೆಯಲ್ಲಿ.

ಇದು ಹಳೆಯ ಕತೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ತಪ್ಪಿತು. ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಏರಿಸಿದವರೂ ಇಳಿಸಿದವರೂ ನಮ್ಮನ್ನು ಕೇಳಲಿಲ್ಲ. ಆಗ ಆಳುವವರು ಪರದೇಶದವರು ಎಂಬ ನೆಪವಾದರೂ ಇತ್ತು.

ಈಗ? 2019ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ಕ್ರೀಡಾಂಗಣದಲ್ಲಿ ಪ್ರಧಾನಿ ಮೋದಿ ಟ್ರಂಪರ ಕೈ ಹಿಡಿದು ನಡೆದರು. 2020ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಮತ್ತೊಂದು ಜಾತ್ರೆ. ಹ್ಯೂಸ್ಟನ್ನಿಗೂ ಮೊದಲೇ, 2019ರ ಜೂನಿನಲ್ಲಿ, ಅಮೆರಿಕ ನಮ್ಮ ಸರಕಿಗಿದ್ದ ಸುಂಕದ ರಿಯಾಯಿತಿ ಕಿತ್ತುಕೊಂಡಿತ್ತು. ಅಪ್ಪುಗೆಯಿಂದ ಅದು ಮರಳಲಿಲ್ಲ. 2025ರ ಆಗಸ್ಟ್ 7ರಿಂದ ಅದೇ ಟ್ರಂಪ್ ಶೇ. 25 ಸುಂಕ ಹೇರಿದರು. ರಷ್ಯಾದ ಎಣ್ಣೆ ಕೊಂಡಿರೆಂದು ಆಗಸ್ಟ್ 27ರಿಂದ ಮತ್ತೆ 25. ಚೀನಾದ ಕತೆಯೂ ಇದೇ: 2014ರಲ್ಲಿ ಸಾಬರಮತಿ ದಂಡೆಯ ಉಯ್ಯಾಲೆ, 2020ರಲ್ಲಿ ಗಲ್ವಾನಿನಲ್ಲಿ 20 ಸೈನಿಕರ ಹೆಣ.

ಆಗಸ್ಟ್ 7ರಂದೇ ಪ್ರಧಾನಿ ದಿಲ್ಲಿಯ ಸಮ್ಮೇಳನವೊಂದರಲ್ಲಿ, ರೈತರ ಹಿತದಲ್ಲಿ ರಾಜಿಯಿಲ್ಲ, ಅದಕ್ಕಾಗಿ ತಾವು ದೊಡ್ಡ ಬೆಲೆ ತೆರಲೂ ಸಿದ್ಧ ಎಂದರು. ಎದೆ ಸೆಟೆಸಿದ ಮಾತು. ಹನ್ನೆರಡೇ ದಿನ. ಆಗಸ್ಟ್ 19ರಿಂದ ಹೊರಗಿನ ಹತ್ತಿಯ ಮೇಲಿದ್ದ ಶೇ. 11 ಆಮದು ಸುಂಕ ಮಾಯ! ಮೊದಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ನಮ್ಮ ಹತ್ತಿ ಪೇಟೆಗೆ ಬರುವ ಹೊತ್ತಿಗೇ ಬಾಗಿಲು ತೆರೆದಿಟ್ಟರು. ಹಾಗಾದರೆ ಬೆಲೆ ತೆತ್ತವರು ಯಾರು?

ಗಿರಣಿಗಳಿಗೆ ಆಸರೆ ಎಂಬುದು ಸರ್ಕಾರದ ಸಮರ್ಥನೆ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಣ್ಣುಮಕ್ಕಳು ನಮ್ಮವರೇ, ಅವರ ಕೆಲಸ ಉಳಿಯಲೇಬೇಕು. ಆದರೆ ಒಬ್ಬ ಬಡವನ ಕೂಳು ಉಳಿಸಲು ಇನ್ನೊಬ್ಬ ಬಡವನ ಗಂಗಾಳಕ್ಕೆ ಕೈ ಹಾಕುವುದು ಯಾವ ನೀತಿ? ಆ ನೆರವನ್ನು ಬೊಕ್ಕಸದಿಂದ ಕೊಡಬಹುದಿತ್ತು. ರಷ್ಯಾದ ಅಗ್ಗದ ಎಣ್ಣೆಯಲ್ಲಿ ಲಾಭ ಉಂಡ ಕಂಪನಿಗಳಿಂದ ವಸೂಲಿ ಮಾಡಬಹುದಿತ್ತು.

ಉದ್ದ ಎಳೆಯ ಹತ್ತಿಗೆ ಆ ವರ್ಷ ಕ್ವಿಂಟಲಿಗೆ 8,110 ರೂಪಾಯಿ ಬೆಂಬಲ ಬೆಲೆ ಇತ್ತಲ್ಲ ಎನ್ನಬಹುದು. ಅದು ಹೊಲ ಇದ್ದವರ ಮಾತು. ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸುವ ನಮ್ಮ ಕೇರಿಯ ಅವ್ವಂದಿರ ಕೂಲಿಗೆ ಯಾವ ಬೆಂಬಲ?

ಅಮೆರಿಕಕ್ಕೆ ಬಾಗಿರೆಂದು ನಾವು ಹೇಳುತ್ತಿಲ್ಲ. 1966ರಲ್ಲಿ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಇಂದಿರಾ ಸರ್ಕಾರ ಖಂಡಿಸಿದಾಗ, ಅಧ್ಯಕ್ಷ ಜಾನ್ಸನ್ ನಮಗೆ ಬರುವ ಗೋಧಿಯನ್ನು ತಡೆತಡೆದು ಬಿಟ್ಟರು. ಖಂಡಿಸಿದ್ದು ನ್ಯಾಯವೇ. ಆದರೆ ಕಣಜ ಬರಿದಿದ್ದವನ ನ್ಯಾಯದ ಮಾತಿಗೂ ಹಸಿವಿನ ದಂಡ ಬೀಳುತ್ತದೆ. ನೆಟ್ಟಗೆ ನಿಲ್ಲಲು ಬೆನ್ನೆಲುಬು ಬೇಕು. ದುಡಿಯುವವರನ್ನು ದೇಶದ ಬೆನ್ನೆಲುಬು ಎಂದು ಹೊಗಳಿ, ಅದನ್ನೇ ಮುರಿದು ಎದೆ ಸೆಟೆಸುವುದು ನಾಟಕ.

ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಾಗಾವಿಯಲ್ಲೇ ಇದೆ. ಹತ್ತಿ ಸುಂಕದ ಪ್ರಶ್ನೆ ಅಲ್ಲಿನ ಹುಡುಗರ ಬಾಯಲ್ಲಿ ಗ್ರಾಮಸಭೆಗೆ ಬರಲಿ. ಮಾಸ್ತರುಗಳು ಸುಂಕವೆಂದರೇನೆಂದು ಹಲಗೆಯ ಮೇಲೆ ಬರೆದು ತಿಳಿಸಲಿ. ಹತ್ತಿ ಬಿಡಿಸುವ ಕೈಗಳು ಲೆಕ್ಕ ಕೇಳುವ ಕಾಲ ಬಂದಿದೆ.